ಚೀಟಿ ಇಲ್ಲದ ಚೀಲ ಬರೀ ಕಲ್ಲು
ಮಕ್ಕಳ 'ಡೇಟಾ' ತರಬೇತಿಗೆ ದುಡ್ಡು ಕಟ್ಟುವ ಮುನ್ನ

ನಮ್ಮದು ಬಂಗಾರಪೇಟೆ ತಾಲ್ಲೂಕು, ಬೂದಿಕೋಟೆ ಕಡೆಯ ಹಳ್ಳಿ. ಇರುವುದು ಎರಡೂವರೆ ಎಕರೆ. ಒಂದು ಎಕರೆ ಟೊಮೆಟೊ, ಅರ್ಧ ಎಕರೆ ಹಿಪ್ಪುನೇರಳೆ, ಉಳಿದದ್ದು ರಾಗಿ. ಕೊಟ್ಟಿಗೆಯಲ್ಲಿ ಮೂರು ವರ್ಷದ ಹಿಂದೆ ನಾಲ್ಕು ಸೀಮೆಹಸು ಇದ್ದವು. ಈಗ ಎರಡಿವೆ. ಇನ್ನೆರಡು ಎಲ್ಲಿಗೆ ಹೋದವು, ಹೋದದ್ದರಿಂದ ನಾವು ಕಲಿತದ್ದೇನು ಅನ್ನುವುದನ್ನು ಹೇಳಲಿಕ್ಕೆ ಈ ಲೇಖನ.

ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ಡಿಗ್ರಿ ಮುಗಿಸಿದ ಮಕ್ಕಳಿದ್ದಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರು. ಕೆಜಿಎಫ್‌ನ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ನಮ್ಮ ಸ್ಟೇಷನ್ನಿಗೆ ಬರುವಷ್ಟರಲ್ಲೇ ತುಂಬಿರುತ್ತದೆ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿ ಮನೆಗಳ ಮಕ್ಕಳಿಗೂ, ಕೊಳವೆಬಾವಿ ಬತ್ತಿದ ರೈತರ ಮಕ್ಕಳಿಗೂ ದಾರಿ ಅಂತ ಉಳಿದದ್ದು ಆ ರೈಲೇ. ಆ ಮಕ್ಕಳ ಬಾಯಲ್ಲಿ ಈಗ ಇರುವ ಮಾತು 'ಡೇಟಾ ಅನಾಲಿಟಿಕ್ಸ್'. ಮನೆಗೆ ಬಂದು, "ಅಪ್ಪಾ, ಒಂದು ಕೋರ್ಸಿದೆ, ಲಕ್ಷ ಚಿಲ್ಲರೆ ಆಗ್ತದೆ" ಅಂದಾಗ ನಮಗೆ ಏನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ.

ಹಸು ಮಾರಿ ಕಟ್ಟಿದ ಫೀಸು

ನನ್ನ ಮಗಳು ಬಿಕಾಂ ಮುಗಿಸಿದ್ದಳು. ಬೆಂಗಳೂರಿನ ಒಂದು ಖಾಸಗಿ ತರಬೇತಿ ಕೇಂದ್ರ. 'ಬಿಗ್ ಡೇಟಾ ಅನಾಲಿಟಿಕ್ಸ್ ಮತ್ತು ಬಿಸಿನೆಸ್ ಇನ್‌ಫರ್ಮೇಷನ್ ಮ್ಯಾನೇಜ್‌ಮೆಂಟ್', ಆರು ತಿಂಗಳು, ಕೆಲಸ ಗ್ಯಾರಂಟಿ. ಫೀಸು 1,20,000 ರೂಪಾಯಿ. ಎರಡು ಹಸು ಮಾರಿ 90,000 ಬಂತು. ಮಿಕ್ಕ 30,000ಕ್ಕೆ ಹೆಂಡತಿಯ ಸರ ಅಡವಿಟ್ಟೆ. ಚಿನ್ನದ ಊರಿನ ಪಕ್ಕದಲ್ಲಿದ್ದೂ ನಮಗೆ ಚಿನ್ನದ ಪರಿಚಯ ಆಗುವುದು ಗಿರವಿ ಅಂಗಡಿಯಲ್ಲೇ.

ಆರು ತಿಂಗಳು ಪಾಠ ಆಯಿತು. ಪರದೆ ಮೇಲೆ ಚಿತ್ರ ತೋರಿಸಿದರು. ಅಮೆರಿಕದ ಯಾವುದೋ ಅಂಗಡಿಯ ಮಾರಾಟದ ಪಟ್ಟಿಯೊಂದನ್ನು ಕೊಟ್ಟು ಎಲ್ಲರ ಕೈಯಲ್ಲೂ ಅದನ್ನೇ ಮಾಡಿಸಿದರು. ಕೊನೆಗೆ ಸರ್ಟಿಫಿಕೇಟು ಸಿಕ್ಕಿತು. ಗ್ಯಾರಂಟಿ ಕೆಲಸ ಅಂದರೆ ಮೂರು ಕಡೆ ಇಂಟರ್‌ವ್ಯೂಗೆ ಕಳಿಸುವುದಂತೆ. ಮೂರರಲ್ಲಿ ಎರಡು ಫೋನಿನಲ್ಲಿ ಸಾಲ ವಸೂಲಿ ಮಾಡುವ ಕೆಲಸ. ದುಡ್ಡು ವಾಪಸ್ ಕೇಳಿದರೆ, ಸಹಿ ಹಾಕಿದ ಕಾಗದದ ಹಿಂಬದಿ ಸಣ್ಣಕ್ಷರ ತೋರಿಸಿದರು. ನಾವು ಓದಿರಲಿಲ್ಲ. ಆ ತಪ್ಪು ನಮ್ಮದು.

ಮಗಳು ಎರಡು ತಿಂಗಳು ಮಂಕಾಗಿ ಮನೆಯಲ್ಲೇ ಕೂತಳು. ಹಾಲು ಕರೆಯುವಾಗ ಖಾಲಿ ಗೂಟ ನೋಡಿ ಕಣ್ಣು ತಪ್ಪಿಸುತ್ತಿದ್ದಳು. ಆಗ ಅವಳನ್ನು ಎಬ್ಬಿಸಿದವರು ಗಣಿಯಲ್ಲಿ ದುಡಿದಿದ್ದ ನನ್ನ ಚಿಕ್ಕಪ್ಪ.

ಗಣಿಯವರು ಮಾಡುತ್ತಿದ್ದದ್ದೂ ಇದೇ

ಚಿಕ್ಕಪ್ಪ ಕೆಜಿಎಫ್‌ನಲ್ಲಿ ಸ್ಯಾಂಪಲ್ ತೆಗೆಯುವ ಗುಂಪಿನಲ್ಲಿದ್ದವರು. ಜಾನ್ ಟೇಲರ್ ಕಂಪೆನಿ 1880ರಲ್ಲಿ ಕೈಹಾಕಿದಂದಿನಿಂದ ಮುಚ್ಚುವವರೆಗೆ ಆ ಗಣಿಗಳಿಂದ ಸುಮಾರು 800 ಟನ್ ಚಿನ್ನ ಬಂತು ಅನ್ನುತ್ತಾರೆ. ಆದರೆ ಚಿನ್ನ ಗಟ್ಟಿಯಾಗಿ ಸಿಗುವುದಿಲ್ಲ. ಒಂದು ಟನ್ ಕಲ್ಲು ಅರೆದರೆ ಶುರುವಿನ ಕಾಲದಲ್ಲಿ ಹತ್ತಾರು ಗ್ರಾಂ, ಕೊನೆಗಾಲದಲ್ಲಿ ಮೂರು ನಾಲ್ಕು ಗ್ರಾಂ. ಹಾಗಾಗಿ ಯಾವ ಕಲ್ಲು ಮೇಲಕ್ಕೆ ತರಬೇಕು, ಯಾವುದನ್ನು ಅಲ್ಲೇ ಬಿಡಬೇಕು ಅಂತ ಮೊದಲೇ ತಿಳಿಯಬೇಕು. ಅದಕ್ಕೇ ಸ್ಯಾಂಪಲ್.

"ಇಷ್ಟು ಅಡಿಗೊಂದು ಕಡೆ ಕಲ್ಲು ಕೆತ್ತಿ ಚೀಲಕ್ಕೆ ಹಾಕ್ತಿದ್ವಿ. ಯಾವ ಗಣಿ, ಎಷ್ಟನೇ ಮಟ್ಟ, ಯಾವ ಜಾಗ, ಯಾವ ದಿನ ಅಂತ ಚೀಟಿ ಬರೆದು ಕಟ್ತಿದ್ವಿ. ಮೇಲೆ ಅದನ್ನ ಪುಡಿ ಮಾಡಿ, ಸೀಸದ ಜೊತೆ ಕಾಯಿಸಿ, ಚಿನ್ನ ಎಷ್ಟಿದೆ ಅಂತ ತೂಕ ಹಾಕೋರು. ಆಮೇಲೆ ನಕ್ಷೆ ಮೇಲೆ ಬರೆಯೋರು. ಚೀಟಿ ಬಿದ್ದುಹೋದ ಚೀಲ ಏನಾಗ್ತಿತ್ತು ಗೊತ್ತಾ? ಒಳಗೆ ಎಷ್ಟು ಚಿನ್ನ ಇದ್ದರೂ ಬಿಸಾಕ್ತಿದ್ರು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಮೇಲೆ ಅದು ಬರೀ ಕಲ್ಲು."

ಆರು ತಿಂಗಳಲ್ಲಿ ನನಗೆ ಅರ್ಥವಾಗದ್ದು ಈ ಐದು ನಿಮಿಷದಲ್ಲಿ ಅರ್ಥವಾಯಿತು. ಡೇಟಾ ಅಂದರೆ ಚೀಟಿ ಕಟ್ಟಿದ ಚೀಲ. ಅನಾಲಿಟಿಕ್ಸ್ ಅಂದರೆ ಅರೆದು, ಕಾಯಿಸಿ, ತೂಕ ಹಾಕಿ, ಮುಂದೆ ಎಲ್ಲಿ ಅಗೆಯಬೇಕು ಅಂತ ಹೇಳುವುದು. ತರಬೇತಿಯಲ್ಲಿ ಕಲಿಸುವುದು ಕಾಯಿಸುವ ವಿದ್ಯೆ. ಚೀಟಿ ಬರೆಯುವುದು ಕಲ್ಲು ಸಿಗುವ ಜಾಗದಲ್ಲಿ, ಅಂದರೆ ಹೊಲದಲ್ಲಿ, ಮಂಡಿಯಲ್ಲಿ, ಡೇರಿಯಲ್ಲಿ.

'ಬಿಗ್' ಅಂದರೆ ಎಷ್ಟು ದೊಡ್ಡದು?

ಒಂದು ಕಂಪ್ಯೂಟರಿಗೆ ಹಿಡಿಸದಷ್ಟು, ಅಥವಾ ಒಂದೇ ಕಂಪ್ಯೂಟರು ಹೊತ್ತಿಗೆ ಸರಿಯಾಗಿ ಮುಗಿಸಲಾಗದಷ್ಟು ಲೆಕ್ಕ ಇದ್ದರೆ ಅದು ಬಿಗ್ ಡೇಟಾ. ರಾಶಿ ದೊಡ್ಡದು, ಬರುವ ವೇಗ ಹೆಚ್ಚು, ಬಗೆಯೂ ಹಲವು: ಅಂಕಿ, ಫೋಟೊ, ಮಾತು ಎಲ್ಲ ಸೇರಿರುತ್ತದೆ.

ಇದನ್ನು ಹೇಗೆ ಸಂಭಾಳಿಸುತ್ತಾರೆ? ಟೊಮೆಟೊ ವಿಂಗಡಣೆ ನೋಡಿದವರಿಗೆ ಕಷ್ಟವಿಲ್ಲ. ಒಬ್ಬಳೇ ಹೆಂಗಸು ಐನೂರು ಬಾಕ್ಸ್ ವಿಂಗಡಿಸಲಾರಳು. ರಾಶಿಯನ್ನು ಇಪ್ಪತ್ತು ಜನರ ಮುಂದೆ ಹರಡುತ್ತೇವೆ. ಪ್ರತಿಯೊಬ್ಬರೂ ತಮ್ಮ ಮುಂದಿನದನ್ನು ಮೊದಲ ದರ್ಜೆ, ಎರಡನೇ ದರ್ಜೆ, ಕೊಳೆತದ್ದು ಅಂತ ಬೇರೆ ಮಾಡುತ್ತಾರೆ. ಆಮೇಲೆ ಒಬ್ಬ ಬಂದು ಎಲ್ಲರ ಮೊದಲ ದರ್ಜೆ ಒಂದು ಕಡೆ, ಎರಡನೆಯದು ಇನ್ನೊಂದು ಕಡೆ ಸೇರಿಸಿ ಎಣಿಸುತ್ತಾನೆ. 2004ರಲ್ಲಿ ಗೂಗಲ್ ಕಂಪೆನಿಯ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್ ಬರೆದು ತೋರಿಸಿದ 'ಮ್ಯಾಪ್‌ರೆಡ್ಯೂಸ್' ಕ್ರಮದ ತಿರುಳು ಇಷ್ಟೇ. ಕೂಲಿಯಾಳಿನ ಜಾಗದಲ್ಲಿ ಸಾವಿರಾರು ಕಂಪ್ಯೂಟರು. ಅದನ್ನು ಆಧರಿಸಿ 2006ರಲ್ಲಿ ಬಂದ ಉಚಿತ ತಂತ್ರಾಂಶ 'ಹಡೂಪ್'. ಅದನ್ನು ಮಾಡಿದ ಡಗ್ ಕಟಿಂಗ್ ತನ್ನ ಮಗನ ಆಟದ ಆನೆಯ ಹೆಸರನ್ನೇ ಇಟ್ಟನಂತೆ. ಕಾಮಸಮುದ್ರದ ಕಡೆ ಆನೆ ಕಾಟ ಅನುಭವಿಸಿದವರಿಗೆ ಹೆಸರು ಮರೆಯುವುದಿಲ್ಲ!

ಇಲ್ಲೊಂದು ಗುಟ್ಟಿದೆ. ಕೆಲಸಕ್ಕೆ ಸೇರುವ ಹೊಸಬರಿಗೆ ಹಡೂಪ್, ಗಿಡೂಪ್ ಬೇಕಾಗುವುದು ಕಡಿಮೆ. ಮಗಳು ಈಗ ಹೇಳುವ ಪ್ರಕಾರ ಅವಳ ದಿನದ ಬಹುಪಾಲು ಹೋಗುವುದು ಎಕ್ಸೆಲ್‌ನಲ್ಲಿ ಮತ್ತು ಗೋದಾಮಿನ ಲೆಕ್ಕದ ತಪ್ಪು ಹುಡುಕುವುದರಲ್ಲಿ. 'ಬಿಗ್' ಅನ್ನುವ ಮಾತಿಗೆ ಹೆಚ್ಚು ಫೀಸು ಕೊಡಬೇಡಿ.

ಮಾಹಿತಿ ನಿರ್ವಹಣೆ: ಡೇರಿಯ ಉದಾಹರಣೆ

ಕೋರ್ಸಿನ ಹೆಸರಿನ ಇನ್ನರ್ಧ ವ್ಯವಹಾರದ ಮಾಹಿತಿ ನಿರ್ವಹಣೆ. ಯಾರೂ ಹೊಗಳದ, ಆದರೆ ಅನ್ನ ಕೊಡುವ ಭಾಗ ಇದೇ.

ನಮ್ಮೂರ ಹಾಲಿನ ಸೊಸೈಟಿ ನೋಡಿ. ಬೆಳಿಗ್ಗೆ ಹಾಲು ಹಾಕಿದ ಕೂಡಲೇ ನನ್ನ ನಂಬರು, ಲೀಟರು, ಕೊಬ್ಬಿನಂಶ, ಕೊಬ್ಬಲ್ಲದ ಘನಾಂಶ, ರೇಟು ಎಲ್ಲ ಚೀಟಿಯಲ್ಲಿ ಬರುತ್ತದೆ. ಒಂದು ನಂಬರು ತಪ್ಪಿದರೆ ನನ್ನ ದುಡ್ಡು ಇನ್ನೊಬ್ಬರ ಖಾತೆಗೆ. ಒಬ್ಬ ಸದಸ್ಯನಿಗೆ ಎರಡು ನಂಬರು ಬಿದ್ದರೆ ಸದಸ್ಯರ ಎಣಿಕೆಯೇ ಸುಳ್ಳು. ಇದನ್ನು ಯಾರು ಬರೆಯಬೇಕು, ಯಾರು ತಿದ್ದಬಹುದು, ತಿದ್ದಿದ್ದು ಯಾವಾಗ ಅಂತ ಗುರುತು ಉಳಿಯಬೇಕೇ, ಯಾರು ನೋಡಬಹುದು, ಎಷ್ಟು ದಿನ ಇಡಬೇಕು? ಇವನ್ನೆಲ್ಲ ಗೊತ್ತುಮಾಡಿ ನಡೆಸುವುದೇ ಮಾಹಿತಿ ನಿರ್ವಹಣೆ.

2000ದಲ್ಲಿ 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದಾಗ ನಮಗೆಲ್ಲ ಇದರ ಅನುಭವ ಆಗಿದೆ. ಕೈಬರಹದ ಪಹಣಿಯಲ್ಲಿದ್ದ ಅಕ್ಷರದೋಷ ಕಂಪ್ಯೂಟರಿಗೆ ಹೋದ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತುಬಿಟ್ಟಿತು. ಹೆಸರಿನ ಒಂದು ಅಕ್ಷರಕ್ಕಾಗಿ ಎಷ್ಟು ಜನ ತಾಲ್ಲೂಕು ಕಚೇರಿ ಸುತ್ತಿಲ್ಲ? ಯಂತ್ರ ತಪ್ಪನ್ನು ತಿದ್ದುವುದಿಲ್ಲ, ಬೇಗ ಹರಡುತ್ತದೆ ಅಷ್ಟೆ. ಈಗ ಫ್ರೂಟ್ಸ್ ನೋಂದಣಿ, ಬೆಳೆ ಸಮೀಕ್ಷೆ, ಬೆಳೆ ವಿಮೆ ಎಲ್ಲ ಒಂದಕ್ಕೊಂದು ಜೋಡಿಸಿಕೊಂಡಿವೆ. ಸಮೀಕ್ಷೆಯಲ್ಲಿ ರಾಗಿ ಇದ್ದ ಕಡೆ ಪಾಳು ಅಂತ ದಾಖಲಾದರೆ ಅದರ ಪೆಟ್ಟು ಪರಿಹಾರದ ಹೊತ್ತಿಗೆ ಗೊತ್ತಾಗುತ್ತದೆ. ಹಾಗಾಗಿ ಇದು ಮಕ್ಕಳ ನೌಕರಿ ವಿಷಯ ಮಾತ್ರ ಅಂತ ರೈತರು ಸುಮ್ಮನಿರುವ ಹಾಗಿಲ್ಲ.

ನಮ್ಮ ನೋಟ್‌ಬುಕ್ ಹೇಳಿದ್ದು

ಚಿಕ್ಕಪ್ಪನ ಮಾತು ಕೇಳಿ ಮಗಳು ನನ್ನ ಟೊಮೆಟೊ ನೋಟ್‌ಬುಕ್ಕುಗಳನ್ನು ಹುಡುಕಿ ತೆಗೆದಳು. ನಾಲ್ಕು ವರ್ಷ, ಎಂಟು ಬೆಳೆ, ಒಟ್ಟು 112 ಕೊಯ್ಲು. ಎಲ್ಲವನ್ನೂ ಎಕ್ಸೆಲ್‌ಗೆ ಹತ್ತಿಸಿದಳು. ಹದಿನೈದು ದಿನ ಹಿಡಿಯಿತು. "ಅಪ್ಪಾ, ಹತ್ತೊಂಬತ್ತು ಕೊಯ್ಲಿಗೆ ತಾರೀಕಿಲ್ಲ, ಇಲ್ಲಾ ದರ್ಜೆ ಬರೆದಿಲ್ಲ. ಚೀಟಿ ಇಲ್ಲದ ಚೀಲ" ಅಂದಳು. ಉಳಿದದ್ದು 93.

ನಾನು ಕೇಳಿದ ಪ್ರಶ್ನೆ: ಯಾವ ತಿಂಗಳು ನಾಟಿ ಮಾಡಿದರೆ ರೇಟು ಸಿಗ್ತದೆ? "ಎಂಟು ಬೆಳೆಯಲ್ಲಿ ಅದನ್ನ ಹೇಳೋಕಾಗಲ್ಲ" ಅಂದಳು. ಬೇರೆ ಒಂದು ವಿಷಯ ಕಣ್ಣಿಗೆ ಬಿತ್ತು. ಎರಡು ಕೊಯ್ಲಿನ ನಡುವೆ ನಾಲ್ಕು ದಿನ ಅಥವಾ ಕಡಿಮೆ ಇದ್ದ 58 ಸಲ, ನೂರು ಬಾಕ್ಸಿಗೆ 16 ಎರಡನೇ ದರ್ಜೆ. ಐದು ದಿನ ಅಥವಾ ಹೆಚ್ಚಾಗಿದ್ದ 35 ಸಲ, ನೂರಕ್ಕೆ 31.

ನನಗೆ ಖುಷಿಯಾಯಿತು. ಅವಳು ತಡೆದಳು. ಮಳೆ ಬಂದರೆ ಆಳು ಬರುವುದಿಲ್ಲ, ಕೊಯ್ಲು ತಡವಾಗುತ್ತದೆ. ಅದೇ ಮಳೆಗೆ ಹಣ್ಣೂ ಬಿರಿಯುತ್ತದೆ, ಚುಕ್ಕೆ ಬೀಳುತ್ತದೆ. ಹಾಗಾದರೆ ದರ್ಜೆ ಕೆಡಿಸಿದ್ದು ತಡವೋ, ಮಳೆಯೋ? ಎರಡೂ ಒಟ್ಟಿಗೆ ಬಂದದ್ದಕ್ಕೆ ಒಂದನ್ನೇ ಕಾರಣ ಅನ್ನುವ ಹಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿಗೊಂದರಂತೆ ಮಳೆಮಾಪಕ ಇಟ್ಟಿದೆ. ಆ ಮಳೆ ಲೆಕ್ಕವನ್ನು ನಮ್ಮ ತಾರೀಕುಗಳ ಪಕ್ಕದಲ್ಲಿ ಇಟ್ಟು, ಮಳೆ ಇಲ್ಲದ ವಾರಗಳನ್ನು ಮಾತ್ರ ಬೇರೆ ತೆಗೆದಳು. ಆಗ ನೂರಕ್ಕೆ 15 ಮತ್ತು 25. ಅಂತರ ಕಡಿಮೆಯಾಯಿತು, ಆದರೆ ಹೋಗಲಿಲ್ಲ.

ದುಡ್ಡಿನಲ್ಲಿ ಎಷ್ಟು? ಒಂದು ಕೊಯ್ಲಿಗೆ ಸುಮಾರು 90 ಬಾಕ್ಸ್. ನೂರಕ್ಕೆ ಹತ್ತರ ಅಂತರ ಅಂದರೆ 9 ಬಾಕ್ಸ್. ಮೊದಲ, ಎರಡನೇ ದರ್ಜೆಗೆ ಬಾಕ್ಸಿಗೆ 100 ರೂ. ವ್ಯತ್ಯಾಸ ಹಿಡಿದರೆ ಸಲಕ್ಕೆ 900. ಬೆಳೆಗೆ ಐದು ಸಲ ತಡವಾದರೆ 4,500. ವರ್ಷಕ್ಕೆ ಎರಡು ಬೆಳೆ, 9,000 ರೂಪಾಯಿ. ಮಾರಿದ ಎರಡು ಹಸುವಿನ ಬೆಲೆ ಹುಟ್ಟಬೇಕಾದರೆ ಹತ್ತು ವರ್ಷ!

ಆದರೂ ಇದು ಕೈಗೆ ಸಿಗುವ ದುಡ್ಡು. ಆಳು ಸಿಗದ ದಿನಕ್ಕೆ ಅಕ್ಕಪಕ್ಕದ ಮೂರು ಮನೆಯವರು ಮುಯ್ಯಾಳು ಮಾಡಿಕೊಂಡೆವು. ಈಗ ನಾಲ್ಕನೇ ದಿನ ತಪ್ಪದೆ ಬಿಡಿಸುತ್ತೇವೆ. ನೋಟ್‌ಬುಕ್ಕಿನಲ್ಲಿ ತಾರೀಕು, ಬಾಕ್ಸ್, ದರ್ಜೆ, ಆಳು, ಮಳೆ ಅಂತ ಐದು ಗೆರೆ ಎಳೆದಿದ್ದೇವೆ. ಅಷ್ಟು ಬರೆಯುವುದಕ್ಕೆ ಎರಡು ನಿಮಿಷ ಸಾಕು.

ನಾಳೆಯ ದರ ಹೇಳುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ 2,000 ರೂ. ದಾಟಿತು. ಅದನ್ನು ನೋಡಿ ನಾಟಿ ಮಾಡಿದವರ ಹಣ್ಣು ಬರುವಷ್ಟರಲ್ಲಿ ದರ ನೆಲ ಕಚ್ಚಿತ್ತು. ನಮ್ಮ ದರ ನಿಂತಿರುವುದು ಮದನಪಲ್ಲಿ, ನಾಸಿಕ್ ಕಡೆಯ ಬೆಳೆ, ಅಲ್ಲಿಯ ಮಳೆ, ರೋಗ, ಲಾರಿ ಎಲ್ಲದರ ಮೇಲೆ.

ಹಳೆಯ ದರ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಿ, ರಾಜ್ಯದ ಕೃಷಿ ಮಾರಾಟವಾಹಿನಿಯಲ್ಲಿ ದಿನದ ಆವಕ, ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ಮಾಲು ಮಾರಾಟವಾದ ದರ ಇರುತ್ತವೆ. ಗರಿಷ್ಠ ದರ ನೋಡಿ ಲೆಕ್ಕ ಹಾಕಬೇಡಿ. ಅದು ನಾಲ್ಕು ಬಾಕ್ಸಿಗೆ ಸಿಕ್ಕಿದ್ದಿರಬಹುದು. ಹೆಚ್ಚು ಮಾಲು ಹೋದ ದರವೇ ನಮ್ಮ ದರಕ್ಕೆ ಹತ್ತಿರ.

ದೊಡ್ಡವರೂ ಎಡವಿದ್ದಾರೆ. ಜನ ಕಂಪ್ಯೂಟರಿನಲ್ಲಿ ಹುಡುಕುವ ಮಾತುಗಳಿಂದಲೇ ಫ್ಲೂ ಜ್ವರ ಎಷ್ಟು ಹರಡಿದೆ ಅಂತ ಅಂದಾಜು ಹೇಳುತ್ತೇವೆ ಅಂತ ಗೂಗಲ್ 2008ರಲ್ಲಿ ಶುರುಮಾಡಿತು. 2012–13ರ ಚಳಿಗಾಲದಲ್ಲಿ ಇದ್ದದ್ದಕ್ಕಿಂತ ಬಹಳ ಹೆಚ್ಚು ಹೇಳಿತು. 2015ರಲ್ಲಿ ನಿಲ್ಲಿಸಿದರು. ರಾಶಿ ದೊಡ್ಡದಾದ ಮಾತ್ರಕ್ಕೆ ಉತ್ತರ ಸರಿ ಇರುತ್ತದೆ ಅಂತೇನಿಲ್ಲ. ನಾಳೆಯ ದರ ಹೇಳಿಕೊಡುತ್ತೇವೆ ಅನ್ನುವ ಕೋರ್ಸು ಕಂಡರೆ ದೂರ ಇರಿ.

ಕಲಿಯುವುದಾದರೆ ಈ ಕ್ರಮ

ಮಗಳು ಎರಡನೇ ಸಲ ಕಲಿತದ್ದು ಮನೆಯಲ್ಲೇ, ರಾಗಿ ಕಣದ ಪಕ್ಕ ಕೂತು. ಮೊದಲು ಎಕ್ಸೆಲ್, ಚೆನ್ನಾಗಿ. ಆಮೇಲೆ ಪಿಯುಸಿ ಮಟ್ಟದ ಸಂಖ್ಯಾಶಾಸ್ತ್ರ: ಸರಾಸರಿ, ಹರಡುವಿಕೆ, ಸ್ಯಾಂಪಲ್. ಮೂರನೆಯದು ಎಸ್‌ಕ್ಯೂಎಲ್, ಅಂದರೆ ದೊಡ್ಡ ಕಡತದಿಂದ ಬೇಕಾದ್ದನ್ನು ಕೇಳಿ ಪಡೆಯುವ ಭಾಷೆ. ನಾಲ್ಕನೆಯದು ಪವರ್ ಬಿಐ ತರಹದ ಚಿತ್ರಪಟ. ಪೈಥಾನ್ ಕೊನೆಗೆ. ಪೂರ್ತಿ ಒಂದು ವರ್ಷ ಹಿಡಿಯಿತು.

ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ನೋಡಿ ಕಲಿಯಲು ಫೀಸಿಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟು ಬೇಕಾದರೆ ಮಾತ್ರ ಶುಲ್ಕ. ಡಿಗ್ರಿಯೇ ಬೇಕು ಅನ್ನುವವರಿಗೆ ಮದ್ರಾಸ್ ಐಐಟಿ 2020ರಲ್ಲಿ ಡೇಟಾ ಸೈನ್ಸ್ ಪದವಿ ಶುರುಮಾಡಿದೆ. ಜೆಇಇ ಬೇಡ. ನಾಲ್ಕು ವಾರದ ಪಾಠ ಓದಿ ಅರ್ಹತಾ ಪರೀಕ್ಷೆ ಪಾಸಾದರೆ ಸೇರಬಹುದು. ಪಾಠ ಮನೆಯಲ್ಲೇ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ. ಆದಾಯ ಕಡಿಮೆ ಇರುವವರಿಗೆ ಫೀಸಿನಲ್ಲಿ ರಿಯಾಯಿತಿ ಇದೆ. ಪಾಠ ಇಂಗ್ಲಿಷಿನಲ್ಲಿ ಅನ್ನುವುದು ನಮ್ಮ ಮಕ್ಕಳಿಗೆ ತೊಡಕೇ. ಮಗಳು ಒಂದೊಂದು ಪಾಠವನ್ನು ಮೂರು ಸಲ ಕೇಳುತ್ತಿದ್ದಳು.

ದುಡ್ಡು ಕಟ್ಟುವ ಮುಂಚೆ ಕೇಳಿ

• ಹಿಂದಿನ ತಂಡದಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನಕ್ಕೆ ಯಾವ ಕೆಲಸ ಸಿಕ್ಕಿತು? ಅವರಲ್ಲಿ ಇಬ್ಬರ ಜೊತೆ ನಾವೇ ಮಾತಾಡಬಹುದೇ?
• 'ಕೆಲಸ ಗ್ಯಾರಂಟಿ' ಅಂದರೆ ಕೆಲಸವೋ, ಇಂಟರ್‌ವ್ಯೂವೋ? ಕಾಗದದಲ್ಲಿ ಬರೆದುಕೊಡುತ್ತೀರಾ?
• ನಡುವೆ ಬಿಟ್ಟರೆ ಎಷ್ಟು ವಾಪಸ್? ಸಣ್ಣಕ್ಷರವನ್ನು ಮನೆಗೆ ತಂದು ಓದಿ.
• ಫೀಸಿಗೆ ಸಾಲ ಮಾಡಿಸುವವರು ನೀವೋ, ಬ್ಯಾಂಕೋ? ಕೋರ್ಸು ಸರಿಯಿಲ್ಲದಿದ್ದರೂ ಕಂತು ನಿಲ್ಲುವುದಿಲ್ಲ.
• ಮಕ್ಕಳು ತಮ್ಮದೇ ಊರಿನ ಲೆಕ್ಕ ತಂದು ಅದರ ಮೇಲೆ ಕೆಲಸ ಮಾಡಬಹುದೇ?
• ಮೊದಲ ವಾರ ಕೂತು ನೋಡಲು ಬಿಡುತ್ತೀರಾ?

ಕೊನೆಯ ಮಾತು

ಮಗಳಿಗೆ ಈಗ ವೈಟ್‌ಫೀಲ್ಡ್ ಕಡೆ ತರಕಾರಿ ಸರಬರಾಜು ಮಾಡುವ ಒಂದು ಸಂಸ್ಥೆಯಲ್ಲಿ ಲೆಕ್ಕ-ಮಾಹಿತಿ ವಿಭಾಗದಲ್ಲಿ ಕೆಲಸ. ದೊಡ್ಡ ಸಂಬಳವೇನಲ್ಲ. ಸರ ಬಿಡಿಸಿಕೊಟ್ಟಿದ್ದಾಳೆ. ಇಂಟರ್‌ವ್ಯೂನಲ್ಲಿ ಉಳಿದವರು ಅಮೆರಿಕದ ಅಂಗಡಿಯ ಪಟ್ಟಿ ತೋರಿಸಿದರಂತೆ. ಇವಳು ನಮ್ಮ ಟೊಮೆಟೊ ನೋಟ್‌ಬುಕ್ ತೋರಿಸಿದಳು. ಕೇಳಿದವರು ಉತ್ತರಕ್ಕಿಂತ ಹೆಚ್ಚು ಕೆದಕಿದ್ದು ಆ ಹತ್ತೊಂಬತ್ತು ಕೊಯ್ಲನ್ನು ಯಾಕೆ ಬಿಟ್ಟೆ, ಮಳೆಯನ್ನು ಯಾಕೆ ಬೇರೆ ಮಾಡಿದೆ ಅಂತ.

ಅವಳು ಬೆಳಿಗ್ಗೆ ರೈಲಿಗೆ ಹೊರಡುವ ಮೊದಲು ಹಾಲಿನ ಚೀಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ ಹೋಗುತ್ತಾಳೆ. ಮೂರನೇ ಹಸು ಕಟ್ಟಬೇಕು ಅಂತ ಮನೆಯಲ್ಲಿ ಮಾತು ನಡೆದಿದೆ. ಕಟ್ಟಬೇಕೋ ಬೇಡವೋ ಅನ್ನುವುದನ್ನು ಈ ಸಲ ಮೇವಿನ ಖರ್ಚು ಬರೆದಿಟ್ಟು, ಆರು ತಿಂಗಳ ಲೆಕ್ಕ ನೋಡಿ ತೀರ್ಮಾನಿಸುತ್ತೇವೆ.

ನಿಮ್ಮ ಮಕ್ಕಳೂ ಇಂಥ ಕೋರ್ಸಿನ ಮಾತೆತ್ತಿದರೆ ಬೇಡ ಅನ್ನಬೇಡಿ. ಮೊದಲು ಮನೆಯ ಹಳೆಯ ನೋಟ್‌ಬುಕ್ ಕೈಗೆ ಕೊಡಿ. ಅದರಲ್ಲಿ ತಿಂಗಳೊಪ್ಪತ್ತು ಕೂತು ಒಂದು ಪ್ರಶ್ನೆಗೆ ಉತ್ತರ ಹುಡುಕಿ ತಂದರೆ, ಆಮೇಲೆ ಫೀಸಿನ ಮಾತಾಡಿ. ನೋಟ್‌ಬುಕ್ಕೇ ಇಲ್ಲದ ಮನೆಯವರು ಇವತ್ತಿನ ತಾರೀಕಿನಿಂದ ಶುರುಮಾಡಿ.